ಜೆಟ್ ಮಾಡೆಲ್‌ಗೆ ರೆಸಿನ್ ಭಾಗಗಳು: ಮೊದಲು ಸೀಟು, ಆಮೇಲೆ ನಾಝಲ್

ಜೆಟ್ ವಿಮಾನದ ಸ್ಕೇಲ್ ಮಾಡೆಲ್ ಕಟ್ಟಲು ಹೊಸದಾಗಿ ತೊಡಗಿದ ಗೆಳೆಯರು ಕಿಟ್ ಕೈಗೆ ಬಂದ ಕೂಡಲೇ ಕೇಳುವುದು, ಕಿಟ್‌ನ ಭಾಗಗಳ ಬದಲಿಗೆ ಕೂರಿಸಲು ಬೇರೆಯಾಗಿ ಸಿಗುವ ಯಾವ ಯಾವ ರೆಸಿನ್ ಸೆಟ್‌ಗಳನ್ನು ಇದಕ್ಕೆ ತರಿಸಬೇಕು ಎಂದು. ಪ್ಲಾಸ್ಟಿಕ್ ಅಚ್ಚಿನಿಂದ ಆಗದ್ದನ್ನು ಮಾತ್ರ ರೆಸಿನ್‌ನಲ್ಲಿ ತರಿಸಿಕೊಳ್ಳಿ, ಕಟ್ಟಿ ಮುಗಿಸಿದ ಮೇಲೆ ಕಣ್ಣಿಗೆ ಕಾಣದ ಭಾಗಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಿಟ್‌ನ ಪ್ಲಾಸ್ಟಿಕ್ ಭಾಗಗಳು ಉಕ್ಕಿನ ಅಚ್ಚಿನಲ್ಲಿ ತಯಾರಾಗುತ್ತವೆ. ಅಚ್ಚು ತೆರೆದಾಗ ಭಾಗ ನೇರವಾಗಿ ಹೊರಬರಬೇಕಾದ್ದರಿಂದ ಒಳಕ್ಕೆ ಬಾಗಿದ ಮೂಲೆ, ಪಟ್ಟಿಯ ಅಡಿಯ ಟೊಳ್ಳು, ತೀರಾ ತೆಳುವಾದ ಅಂಚು ಇವೆಲ್ಲ ಅದರಲ್ಲಿ ಕಷ್ಟ. ದ್ರವವಾಗಿದ್ದು ಆಮೇಲೆ ಗಟ್ಟಿಯಾಗುವ ಪಾಲಿಯುರೆಥೇನ್ ರೆಸಿನ್ ಅನ್ನು ಸುರಿಯುವುದು ಸಿಲಿಕೋನ್ ರಬ್ಬರಿನ ಅಚ್ಚಿಗೆ. ರಬ್ಬರು ಬಾಗುವುದರಿಂದ ಎಂಥ ಮೂಲೆಯಿದ್ದರೂ ಭಾಗವನ್ನು ಬಿಡಿಸಿ ತೆಗೆಯಬಹುದು. 1/48 ಅಳತೆಯಲ್ಲಿ ಒಂದು ಮಿಲಿಮೀಟರ್ ದಪ್ಪದ ಅಂಚೆಂದರೆ ನಿಜವಾದ ವಿಮಾನದಲ್ಲಿ 48 ಮಿಲಿಮೀಟರ್ ದಪ್ಪದ ತಗಡು ಎಂಬುದನ್ನು ನೆನಪಿಟ್ಟರೆ ಈ ವ್ಯತ್ಯಾಸದ ಮಹತ್ವ ತಿಳಿಯುತ್ತದೆ.

ಮಿಗ್-21 ಅನ್ನೇ ನೋಡೋಣ. 1963ರಲ್ಲಿ ನಮ್ಮ ವಾಯುಪಡೆಗೆ ಸೇರಿ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಂಡ ಈ ವಿಮಾನವನ್ನು ಕಟ್ಟಬೇಕೆಂಬ ಆಸೆ ಈಗ ಅನೇಕರಲ್ಲಿದೆ; ಚೆಕ್ ದೇಶದ ಎಡುವಾರ್ಡ್ ಕಂಪನಿಯ 1/48 ಕಿಟ್ ಅದಕ್ಕೆ ಬಹಳ ಒಳ್ಳೆಯ ಆಯ್ಕೆ. ನಂತರದ ಮಾದರಿಗಳಲ್ಲಿ ಕ್ಯಾನೊಪಿ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ) ಬಲಕ್ಕೆ ತೆರೆದುಕೊಳ್ಳುವುದರಿಂದ, ತೆರೆದಿಟ್ಟರೆ ನೋಡುವವರ ಕಣ್ಣು ನೇರವಾಗಿ ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಕೆಎಂ-1 ಎಜೆಕ್ಷನ್ ಸೀಟಿನ ಮೇಲೆ ಬೀಳುತ್ತದೆ. ಸೀಟಿನ ಬೆಲ್ಟು ಈ ಅಳತೆಯಲ್ಲಿ ಒಂದು ಮಿಲಿಮೀಟರಿನಷ್ಟೂ ಅಗಲ ಬರುವುದಿಲ್ಲ. ಲೋಹದ ಫೋಟೋ ಎಚ್ (ತೆಳು ತಗಡನ್ನು ರಾಸಾಯನಿಕದಿಂದ ಕೊರೆದು ಮಾಡಿದ) ಬೆಲ್ಟನ್ನು ಎಷ್ಟು ಬಗ್ಗಿಸಿದರೂ ಅದು ತಗಡಿನಂತೆಯೇ ಸೆಟೆದುಕೊಂಡಿರುತ್ತದೆ. ಒಳ್ಳೆಯ ರೆಸಿನ್ ಸೀಟಿನಲ್ಲಾದರೋ ಬೆಲ್ಟು ದಿಂಬಿನ ಮೇಲೆ ಮಡಿಕೆಯಾಗಿ ಬಿದ್ದಿರುತ್ತದೆ, ಬಕಲ್‌ನ ಭಾರಕ್ಕೆ ತುಸು ಜಗ್ಗಿರುತ್ತದೆ. ಗಾಢ ಬಣ್ಣದ ತೆಳು ವಾಶ್ (ನೀರಾಗಿಸಿದ ಬಣ್ಣ) ಕೊಟ್ಟರೆ ಆ ಮಡಿಕೆಗಳೆಲ್ಲ ಎದ್ದು ಕಾಣುತ್ತವೆ. ಆದರೆ ಸೀಟು ವಿಮಾನಕ್ಕೆ ತಕ್ಕದ್ದಾಗಿರಲೇಬೇಕು. ಮೊದಲ ಮಿಗ್-21 ಎಫ್-13ರಲ್ಲಿದ್ದದ್ದು ಎಸ್‌ಕೆ ಸೀಟು, ಮಿಗ್-29 ಮತ್ತು ಸುಖೋಯ್-27ರಲ್ಲಿ ಕೆ-36, ಅಮೆರಿಕದ ಎಫ್-16ರಲ್ಲಿ ಏಸಸ್-2, ಫ್ಯಾಂಟಮ್‌ನಲ್ಲಿ ಮಾರ್ಟಿನ್-ಬೇಕರ್. ಪೊಟ್ಟಣದ ಮೇಲಿನ ಹೆಸರನ್ನು ನಂಬಿ ಬಿಡದೆ ಫೋಟೋ ಇಟ್ಟುಕೊಂಡು ಹೋಲಿಸಿ ನೋಡಬೇಕು.

ಎರಡನೆಯದು ನಾಝಲ್, ಅಂದರೆ ಎಂಜಿನ್‌ನ ಬಿಸಿಗಾಳಿ ಹೊರಬರುವ ಹಿಂಬದಿಯ ಬಾಯಿ. ಯಲಹಂಕದ ಏರೋ ಇಂಡಿಯಾದಲ್ಲಿ ನಿಲ್ಲಿಸಿದ ಯುದ್ಧವಿಮಾನದ ಹಿಂಭಾಗವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಒಂದರ ಮೇಲೊಂದು ಏರಿ ಕುಳಿತ ಆ ಲೋಹದ ದಳಗಳ ಅಂಚು ಎಷ್ಟು ತೆಳುವಾಗಿರುತ್ತದೆ, ಒಳಗಿನ ಕೊಳವೆ ಎಷ್ಟು ಆಳವಾಗಿರುತ್ತದೆ ಎಂದು. ಹಳೆಯ ಕಿಟ್‌ಗಳಲ್ಲಿ ಈ ಜಾಗದಲ್ಲಿ ದಪ್ಪ ಅಂಚೂ ನಡುವೆ ಒಂದು ಜೋಡಣೆಯ ಗೆರೆಯೂ ಇರುತ್ತವೆ, ಅದರ ಒಳಗೆ ಉಜ್ಜುವುದು ದುಸ್ತರ. ಎಫ್-16ರ ಉದ್ದನೆಯ ಗಾಳಿದಾರಿಗೆ ಸಿಗುವ, ಜೋಡಣೆಯ ಗೆರೆಯಿಲ್ಲದ ರೆಸಿನ್ ಕೊಳವೆಯನ್ನೂ ಇದೇ ಕಾರಣಕ್ಕೆ ನಾನು ಒಪ್ಪುತ್ತೇನೆ.

ನನ್ನ ತಕರಾರಿರುವುದು ಇಡೀ ಕಾಕ್‌ಪಿಟ್ ಸೆಟ್‌ಗಳ ಬಗ್ಗೆ. ಇವು ಸರಿಯಾಗಿ ಕೂರಬೇಕೆಂದರೆ ಫ್ಯೂಸಲೇಜಿನ (ವಿಮಾನದ ಒಡಲಿನ) ಒಳಗೋಡೆಯನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆಯಬೇಕಾಗುತ್ತದೆ, ಆ ಮಾತನ್ನು ಸೂಚನಾಪತ್ರದಲ್ಲಿ ಒಂದು ಬಾಣದ ಗುರುತಿನಲ್ಲಿ ಮುಗಿಸಿರುತ್ತಾರೆ. ರೆಸಿನ್ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದ ಸೆಟ್ಟೊಂದು ನನ್ನ ಕೈಗೂ ಬಂದಿತ್ತು, ಅದರ ಡ್ಯಾಶ್‌ಬೋರ್ಡ್ ಎರಡೂ ಬದಿಯಲ್ಲಿ ಗೋಡೆಗೆ ತಾಗುತ್ತಿರಲಿಲ್ಲ. ಇಷ್ಟೆಲ್ಲ ಪಟ್ಟರೂ ಕ್ಯಾನೊಪಿ ಮುಚ್ಚಿದ ಮಾಡೆಲ್‌ನಲ್ಲಿ ಪಕ್ಕದ ಸ್ವಿಚ್‌ಗಳು ಯಾರಿಗೂ ಕಾಣುವುದಿಲ್ಲ. ಕಿಟ್‌ನ ಟಬ್ (ಕಾಕ್‌ಪಿಟ್‌ನ ತೊಟ್ಟಿ) ಉಳಿಸಿಕೊಂಡು ಸೀಟೊಂದನ್ನು ಬದಲಿಸಿದರೆ ಮುಕ್ಕಾಲು ಪಾಲು ಫಲ ಸಿಗುತ್ತದೆ.

ಕೆಲಸದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರೆಸಿನ್ ಭಾಗದ ಬುಡದಲ್ಲಿ ಎರಕದಿಂದ ಉಳಿದಿರುವ ಗಟ್ಟಿ ತುಂಡನ್ನು ರೇಜರ್ ಸಾ (ತೆಳು ಗರಗಸ) ಹಿಡಿದು ಕೊಯ್ಯುವಾಗಲೂ ಉಜ್ಜುವಾಗಲೂ ನೀರು ಹಾಕಿಯೇ ಮಾಡಿ, ಮಾಸ್ಕ್ ತೊಡಿ. ಆ ಸಣ್ಣ ದೂಳು ಶ್ವಾಸಕೋಶಕ್ಕೆ ಹಾನಿಕರ. ಮನೆಯಲ್ಲಿ ಮಕ್ಕಳಿದ್ದರೆ ಊಟದ ಮೇಜಿನ ಮೇಲೆ ಈ ಕೆಲಸ ಖಂಡಿತ ಬೇಡ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ಪ್ರೈಮರ್‌ಗೆ ಮೊದಲು ಸೋಪುನೀರಿನಲ್ಲಿ ತೊಳೆಯಬೇಕು. ಪ್ಲಾಸ್ಟಿಕ್ ಅಂಟು ರೆಸಿನ್ ಅನ್ನು ಕರಗಿಸಿ ಬೆಸೆಯುವುದಿಲ್ಲ, ಸೂಪರ್ ಗ್ಲೂ ಅಥವಾ ಎಪಾಕ್ಸಿಯೇ ಬೇಕು. ಬಾಲದಲ್ಲಿ ಗಟ್ಟಿ ರೆಸಿನ್ ನಾಝಲ್ ಇಟ್ಟಾಗ ಮೂತಿಗೆ ಸಾಕಷ್ಟು ತೂಕ ತುಂಬದಿದ್ದರೆ ವಿಮಾನ ಹಿಂದಕ್ಕೆ ಕುಳಿತುಬಿಡುತ್ತದೆ. ಇದನ್ನು ಫ್ಯೂಸಲೇಜ್ ಅಂಟಿಸುವ ಮೊದಲೇ ಟೇಪ್ ಹಚ್ಚಿ ಪರೀಕ್ಷಿಸಿ.

ಈಗ ಥ್ರೀಡಿ ಪ್ರಿಂಟ್ ಭಾಗಗಳು ಬರುತ್ತಿವೆ. ಎಡುವಾರ್ಡ್ ತನ್ನ ಬ್ರಾಸಿನ್ ಎಂಬ ರೆಸಿನ್ ಭಾಗಗಳ ಸಾಲಿನಲ್ಲೇ ಅವನ್ನು ಮಾರುತ್ತಿದೆ, ಉಕ್ರೇನಿನ ರೆಸ್‌ಕಿಟ್ ಕಂಪನಿ ಕೂಡ ಮುಂದಿದೆ. ಇವುಗಳಲ್ಲಿ ಬುಡದ ಗಟ್ಟಿಯನ್ನು ಕೊಯ್ಯುವ ಕಷ್ಟವಿಲ್ಲ, ಸಣ್ಣ ಆಧಾರದ ಕಡ್ಡಿಗಳನ್ನು ಕತ್ತರಿಸಿದರೆ ಸಾಕು; ಆದರೆ ತೆಳುವಾದ ಭಾಗಗಳು ಚಟ್ಟನೆ ಮುರಿಯುತ್ತವೆ. ಸಾಗಣೆಯ ಖರ್ಚೂ ಕಸ್ಟಮ್ಸ್ ಸುಂಕವೂ ಸೇರಿದರೆ ನಮ್ಮಲ್ಲಿ ಒಂದು ದೊಡ್ಡ ಸೆಟ್ಟಿನ ಬೆಲೆ ಕಿಟ್‌ನ ಬೆಲೆಯನ್ನೇ ಮುಟ್ಟುವುದುಂಟು. ಅಷ್ಟು ಹಣ ಕೈಯಲ್ಲಿದ್ದರೆ ಸೀಟು, ನಾಝಲ್ ಎರಡನ್ನು ತರಿಸಿ, ಉಳಿದದ್ದನ್ನು ಮುಂದಿನ ಕಿಟ್‌ಗೆ ಎತ್ತಿಡಿ ಎಂದೇ ನಾನು ಹೇಳುತ್ತೇನೆ.