ಶೀಷೆಗೆ ಹಾಕಿದರೆ ಚಿನ್ನವಾ?

150 ಗ್ರಾಂ ಅಗಸೆ ಚಟ್ನಿಪುಡಿಗೆ 390 ರೂಪಾಯಿ! ಅದನ್ನು ಕೊಂಡು, ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿಗೆ ಫೋಟೊ ಬೇರೆ: ‘ಸೋ ಆಥೆಂಟಿಕ್!’ ಇನ್ನು ಸಾಕಪ್ಪಾ.

ಜಯನಗರದಲ್ಲಿ ಈ ಥರದ ‘ಗೋರ್ಮೆ’ ಅಂಗಡಿ, ಅಂದ್ರೆ ದುಬಾರಿ ತಿನಿಸುಗಳ ಅಂಗಡಿ, ಬಾಗಿಲು ತೆಗೆದರೆ ಸಾಕು, ಬೀದಿ ಎರಡು ಪಕ್ಷ. ಒಂದು ಕಣ್ಮುಚ್ಚಿ ಕಾರ್ಡ್ ಉಜ್ಜುತ್ತೆ. ಇನ್ನೊಂದು ‘ಹಗಲುದರೋಡೆ’ ಅಂತ ಬೈತಾ ಒಳಗೆ ಹೋಗಿ, ಸ್ಯಾಂಪಲ್ ಚೀಸ್ ನಾಲ್ಕು ತುಂಡು ನುಂಗಿ, ಬರಿಗೈಲಿ ಬರುತ್ತೆ. ಪಾರ್ಕಿಂಗ್ ಜಗಳದ ಮಾತು ಬೇಡ ಬಿಡಿ.

ಆ ಪುಡಿಯಲ್ಲಿ ಇರೋದಾದರೂ ಏನು? ಕಾಲು ಕೆಜಿ ಅಗಸೆ ಬೀಜ ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಹತ್ತು ಬ್ಯಾಡಗಿ ಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಚೂರು ಹುಣಸೆ, ಉಪ್ಪು. ತಣ್ಣಗಾದ ಮೇಲೆ ತರಿತರಿಯಾಗಿ ಪುಡಿ. ಮುಗೀತು. ಅಗಸೆಯ ಎಣ್ಣೆಗೆ ಬೆಳಕು, ಗಾಳಿ, ಬಿಸಿ ಮೂರೂ ಶತ್ರು. ಪುಡಿ ಮಾಡಿದ ಮೇಲಂತೂ ಬೇಗ ಕಮಟು ಹತ್ತುತ್ತೆ. ಈ ಅಂಗಡಿಯವರು ಅದನ್ನೇ ಪಾರದರ್ಶಕ ಶೀಷೆಯಲ್ಲಿ ತುಂಬಿ, ಮೇಲೊಂದು ದೀಪ ಬಿಟ್ಟು, ತಿಂಗಳುಗಟ್ಟಲೆ ಮೆರವಣಿಗೆಗೆ ಇಟ್ಟಿದ್ದಾರೆ. ಆ ಕಮಟನ್ನು ‘ನಟ್ಟಿ ಫ್ಲೇವರ್’ ಅಂತ ಚಪ್ಪರಿಸುವವರಿಗೆ ಏನು ಹೇಳೋಣ?

ಗಾಣದ ಎಣ್ಣೆಯದೂ ಇದೇ ಗೋಳು. ಲೀಟರಿಗೆ ಎರಡೂವರೆ ಕೆಜಿಯಷ್ಟು ಕಡಲೆಬೀಜ ಬೇಕು, ಸರಿ, ಬೆಲೆ ಇರಲಿ. ಆದರೆ ತಳದಲ್ಲಿ ಚೂರು ಗಸಿ ಕಂಡರೆ ‘ಕಲಬೆರಕೆ’ ಅಂತ ವಾಪಸ್ ಕೊಡ್ತಾರಲ್ಲ, ಗಾಣದ ಎಣ್ಣೆಗೆ ಗಸಿ ಇಲ್ಲದೆ ಇನ್ನೇನು, ಗುಲ್ಕನ್ ಕೂರುತ್ತಾ?