ಸಂಜಿಕಿ ಕೊಡ್ರಿ ಅಂದ್ರ ಆಗಂಗಿಲ್ರಿ

ಕಲಬುರಗಿಯೊಳಗ ಟೀ ಶರ್ಟ್ ಪ್ರಿಂಟ್ ಮಾಡೋ ನಾವು ದಿನಾ ಕೇಳೋ ಮಾತು: “ಅಣ್ಣಾ, ಬರೇ 40 ಪೀಸ್ ಅವ. ಸಂಜಿಕಿ ಕೊಟ್ಬಿಡ್ರಿ.”

ಹೋದ ಮೇ ತಿಂಗಳಾಗ ಬೀದರಿನ ಹಳೇ ವಿದ್ಯಾರ್ಥಿಗಳ ಗುಂಪಿನವರು ವಾಟ್ಸಾಪಿಗಿ ಒಂದು ಫೋಟೊ ಕಳಿಸಿದ್ರು. ಬಿದ್ರಿ ಹೂಜಿ. ಕರಿ ಶರ್ಟ್ ಮ್ಯಾಲ ಬಿಳಿ ಇಂಕಿನಾಗ ಅದರ ಬಳ್ಳಿ, ಎಲಿ, ಹೂವ ಎಲ್ಲಾ ಬರಬೇಕು. ಐಡಿಯಾ ಛಲೋ ಇತ್ತು. ಬಿದ್ರಿ ಅಂದ್ರೇನೇ ಕರಿ ಮ್ಯಾಲ ಬೆಳ್ಳಿ. ಸತು-ತಾಮ್ರದ ಪಾತ್ರಿ ಮ್ಯಾಲ ಉಳಿಲಿಂದ ಗೆರಿ ಕೊರದು, ಬೆಳ್ಳಿ ಕೂಡಿಸಿ, ಕಡೀಕ ಬೀದರ್ ಕೋಟಿ ಮಣ್ಣು, ನವಸಾಗರ ಕಲಿಸಿದ ನೀರಾಗ ಹಾಕಿ ಕರಿ ಮಾಡ್ತಾರ. ಆ ಕೆಲಸದವ್ರಿಗಿ ಯಾರೂ ಸಂಜಿಕಿ ಕೊಡು ಅನ್ನಂಗಿಲ್ಲ. ನಮಗ ಅಂತಾರ.

ಪ್ರಿಂಟ್ ಅಂದ್ರ ಇಂಕ್ ಹಾಕಿ ಸ್ಕ್ವೀಜಿ (ಇಂಕ್ ಒತ್ತೋ ರಬ್ಬರ್ ಪಟ್ಟಿ) ಎಳೆಯೋದು ಅಂತ ಜನ ತಿಳ್ಕೊಂಡಾರ. ಅದು ಎರಡು ತಾಸಿನ ಕೆಲಸ. ಸಣ್ಣ ಗೆರಿ ಉಳಿತದೋ ಹೋಗ್ತದೋ ಅನ್ನೋದು ಇಂಕಿನ ಡಬ್ಬಿ ತೆರಿಯೋಕಿಂತ ಮೊದ್ಲೇ ಸ್ಕ್ರೀನ್ ಮ್ಯಾಲ ತೀರ್ಮಾನ ಆಗಿರ್ತದ. ಸ್ಕ್ರೀನ್ ಅಂದ್ರ ಫ್ರೇಮಿಗಿ ಬಿಗದ ಸಣ್ಣ ಜಾಳಿಗಿ ಬಟ್ಟಿ, ಆ ಬಟ್ಟಿಗಿ ಮೆಶ್ ಅಂತೀವಿ. ಅದರ ಮ್ಯಾಲ ಬೆಳಕಿಗಿ ಗಟ್ಟಿ ಆಗೋ ಕೋಟಿಂಗ್ ಎಳದು, ಚಿತ್ರ ಕರಿ ಬಣ್ಣದಾಗ ಇರೋ ಫಿಲ್ಮ್ ಇಟ್ಟು ಬೆಳಕು ಕೊಡ್ತೀವಿ. ಕರಿ ಬುಡಕ ಮೆತ್ತಗ ಉಳಿದದ್ದು ನೀರಾಗ ತೊಳ್ಕೊಂಡು ಹೋಗ್ತದ, ಅಲ್ಲಿಂದ ಇಂಕ್ ಇಳಿತದ.

ಅಂಗಡಿಯಾಗಿನ ಹಳೇ ಫ್ರೇಮೆಲ್ಲಾ 43 ಮೆಶ್‌ನವು, ಅಂದ್ರ ಸೆಂಟಿಮೀಟರಿಗಿ 43 ಎಳಿ. ಜಾತ್ರಿ, ಇಲೆಕ್ಷನ್ ಅಕ್ಷರಕ್ಕ ಸಾಕು. ಬಿದ್ರಿ ಬಳ್ಳಿ ತುದಿ ಕಾಲು ಮಿಲಿಮೀಟರೂ ಇರಂಗಿಲ್ಲ. 43ರಾಗ ಒಂದು ಎಳಿಯಿಂದ ಇನ್ನೊಂದು ಎಳಿಗಿ ಹೆಚ್ಚುಕಮ್ಮಿ ಅಷ್ಟೇ ದೂರ ಇರ್ತದ. ಗೆರಿ ಗರಗಸದ ಹಲ್ಲಾಗ್ತದ. ಹಂಗಂತ 120 ಹಾಕಿದ್ರ ಗೆರಿ ಬರ್ತದ, ಬಿಳುಪು ಬರಂಗಿಲ್ಲ. ಬಿಳಿ ಇಂಕ್ ದಪ್ಪ, ಅಷ್ಟು ಸಣ್ಣ ತೂತಿನಾಗ ಸರಳ ಇಳಿಯಂಗಿಲ್ಲ. ಕರಿ ಬಟ್ಟಿ ಮ್ಯಾಲ ಬೂದಿ ಬಳದಂಗ ಕಾಣ್ತದ. ನಾ 77 ಹಿಡಿದೆ, ಅದೂ ಹಳದಿ ಮೆಶ್. ಬಿಳಿ ಮೆಶ್ ಆದ್ರ ಬೆಳಕು ಎಳಿ ಹಿಡ್ಕೊಂಡು ಅತ್ತಿತ್ತ ಹರದು ಗೆರಿ ಅಂಚು ತಿಂತದ. ಹೂಜಿ ಮೈಮ್ಯಾಲಿನ ಶೇಡೂ ಬೇಕಂದ್ರು. ಬಿದ್ರಿಯಾಗ ಶೇಡ್ ಎಲ್ಲದ? ತೆಗೆಸಿಬಿಟ್ಟೆ.

ಇಷ್ಟೆಲ್ಲಾ ಶಾಣ್ಯಾತನ ಮಾಡಿ ಎಡವಿದ್ದು ಒಣಗಿಸೋದ್ರಾಗ.

ಆಗ ನಾ ಇನ್ನಾ ಬೈಕ್ರೋಮೇಟ್ ಅನ್ನೋ ರಾಸಾಯನಿಕ ಕಲಿಸೋ ಅಗ್ಗದ ಕೋಟಿಂಗೇ ಬಳಸ್ತಿದ್ದೆ. ಮಧ್ಯಾಹ್ನ ಎರಡೂ ಕಡಿ ಎಳದು, ಲಗೂ ಒಣಗ್ಲಿ ಅಂತ ಮ್ಯಾಲಿನ ತಗಡಿನ ರೂಮಿನಾಗ ಕತ್ತಲಿ ಮಾಡಿ ಇಟ್ಟೆ. ಹೊರಗ 43 ಡಿಗ್ರಿ, ತಗಡಿನ ಬುಡಕ ಎಷ್ಟಿತ್ತೋ ದೇವರಿಗೇ ಗೊತ್ತು. ಸಂಜಿಕಿ ಬೆಳಕು ಕೊಟ್ಟು ತೊಳಿಯಾಕ ಕುಂತೆ. ಹೂಜಿ ಹೊರಗಿನ ಗೆರಿ ತೆರಕೊಂಡ್ವು. ಬಳ್ಳಿ ತೆರಕೊಳ್ಳವಲ್ದು. ಟ್ಯೂಬ್‌ಲೈಟಿಗಿ ಹಿಡದು ನೋಡಿದ್ರ ಎಲಿಗೆರಿಯೊಳಗೆಲ್ಲಾ ಹಾಲಿನ ಕೆನಿಯಂಥ ತೆಳ್ಳನ ಪೊರಿ. ನೀರು ಜೋರು ಬಿಟ್ಟೆ, ಪೊರಿ ಹಂಗೇ ಉಳಿತು, ಬಾಜೂಕಿನ ಗೆರಿ ಕಿತ್ಕೊಂಡು ಹೋತು. ಬೆಳಕು ಜಾಸ್ತಿ ಆಗ್ಯಾದ ಅಂತ ನಾಕು ನಿಮಿಷಿದ್ದದ್ದು ಮೂರು ಮಾಡಿದೆ, ಎರಡು ಮಾಡಿದೆ. ಮೂರು ಸ್ಕ್ರೀನ್ ಹಾಳಾದ ಮ್ಯಾಲ ತಲಿಗಿ ಹೊಳೀತು: ಬೆಳಕಿನ ತಪ್ಪೇ ಅಲ್ಲ. ಬೈಕ್ರೋಮೇಟ್ ಕೋಟಿಂಗ್ ಕತ್ತಲಾಗೂ ಗಟ್ಟಿ ಆಗ್ತದ, ಕಾವು ಹೆಚ್ಚಾದಷ್ಟು ಲಗೂ. ನನ್ನ ಸ್ಕ್ರೀನ್ ಬೆಳಕು ಕಾಣೋ ಮೊದ್ಲೇ ಬೆಂದಿತ್ತು.

ಮರುದಿನ ಕೂಲರ್ ಹಚ್ಚಿದೆ. ಅದು ಇನ್ನೊಂದು ಹುಚ್ಚಾಟ. ನಮ್ಮ ಕೂಲರ್ ಬಿಡೋದು ತೇವದ ಗಾಳಿ. ಮುಟ್ಟಿದ್ರ ಒಣಗಿದಂಗ ಅನಿಸ್ತದ, ಒಳಗ ಹಸಿ ಇರ್ತದ. ಅಂಥದ್ದಕ್ಕ ಬೆಳಕು ಕೊಟ್ರ ಗಟ್ಟಿ ಆಗಬೇಕಾದದ್ದೂ ತೊಳ್ಕೊಂಡು ಹೋಗ್ತದ.

ಈಗ ಡಯಾಜೊ ಅನ್ನೋ ಇನ್ನೊಂದು ನಮೂನಿ ಕೋಟಿಂಗಿಗಿ ಬಂದೀನಿ. ತುಟ್ಟಿ ಖರೆ, ಆದ್ರ ಬೈಕ್ರೋಮೇಟ್ ಕ್ಯಾನ್ಸರ್ ತರೋ ಮಾಲು, ಅದನ್ನ ವರ್ಷಗಟ್ಟಲೆ ಬರಿಗೈಲೆ ಕಲಿಸೀನಿ, ಹಳದಿ ನೀರು ಗಟಾರಕ್ಕ ಬಿಟ್ಟೀನಿ. ಅದಕ್ಕ ಯಾರಿಗೂ ಬೈಯೋಹಂಗಿಲ್ಲ. ಡಯಾಜೊಗೂ ಕಾವು ಆಗಂಗಿಲ್ಲ. ಹಿಂಗಾಗಿ ರಾತ್ರಿ ಹತ್ತರ ಮ್ಯಾಲ ಕೋಟಿಂಗ್, ಪ್ರಿಂಟ್ ಕಡಿ ಕೆಳಗ ಮಾಡಿ ಮಲಗಿಸಿ ಬರೇ ಫ್ಯಾನಿನ ಗಾಳಿ, ಮುಂಜಾನೆ ಆರಕ್ಕ ಬೆಳಕು. ಅದಕ್ಕೂ ಮೊದ್ಲು ಜಿಡ್ಡು ತೆಗಿಯೋದು. ನಮ್ಮದು ಶಹಾಬಾದ್ ಕಲ್ಲಿನ ನಾಡು, ಸುಣ್ಣಕಲ್ಲು. ಬೋರಿನ ನೀರು ಒಣಗಿದ್ರ ಮೆಶ್ ಮ್ಯಾಲ ಬಿಳಿ ಕಲಿ ಬೀಳ್ತಾವ, ಕೋಟಿಂಗ್ ಅಲ್ಲಿ ಹಿಡಿಯಂಗಿಲ್ಲ. ಅದಕ್ಕ ಕಡೀಕ ತೊಳಿಯೋ ನೀರು ಕುಡಿಯೋ ಕ್ಯಾನಿಂದು. ಮನ್ಯಾಗ ಇದಕ್ಕ ಜಗಳ ಆಗ್ಯಾದ.

ಎಷ್ಟು ನಿಮಿಷ ಬೆಳಕು ಕೊಡಬೇಕಣ್ಣಾ ಅಂತ ಹೊಸ ಹುಡುಗ್ರು ಕೇಳ್ತಾರ. ನಾ ಹೇಳಂಗಿಲ್ಲ. ಯೂಟ್ಯೂಬಿನವ ಎರಡೂವರಿ ನಿಮಿಷ ಅಂದ್ರ ಅದು ಅವನ ಲೈಟಿನ ನಿಮಿಷ. ಒಂದೇ ಸ್ಕ್ರೀನ್ ಮ್ಯಾಲ ರಟ್ಟು ಸರಿಸ್ಕೋತ ಒಂದು, ಎರಡು, ಮೂರು, ನಾಕು ನಿಮಿಷದ ಪಟ್ಟಿ ಮಾಡಿ ತೊಳದು ನೋಡ್ರಿ. ಸಣ್ಣ ಗೆರಿ ತೆರದು, ಒಳಬದಿ ಕೈಗೆ ಲೋಳಿ ಹತ್ತಲಾರದ ಪಟ್ಟಿ ಯಾವುದೋ ಅದೇ ನಿಮ್ಮ ನಿಮಿಷ. ಫಿಲ್ಮಿನ ಕರಿ ಬದಿ ಕೋಟಿಂಗಿಗಿ ಹತ್ತಿರಬೇಕು, ನಡುವ ಸಂದಿ ಇದ್ರ ಬೆಳಕು ನುಗ್ಗಿ ಗೆರಿ ಮುಚ್ತದ.

ಈ ರಾತ್ರಿಗಿ ನಾ 350 ರೂಪಾಯಿ ಬ್ಯಾರೆ ತಗೋತೀನಿ. “ಸ್ಕ್ರೀನಿಗೂ ದುಡ್ಡಾ?” ಅಂತಾರ. ಹೌದ್ರಿ. ಐದೇ ಶರ್ಟು, ಹತ್ತು ಬಣ್ಣ ಇದ್ರ ಡಿಟಿಎಫ್ (ಫಿಲ್ಮ್ ಮ್ಯಾಲ ಪ್ರಿಂಟ್ ಹೊಡದು ಕಾವಿಲೆ ಬಟ್ಟಿಗಿ ಅಂಟಿಸೋದು) ಮಾಡಿಸ್ಕೋರಿ ಅಂತ ನಾನೇ ಕಳಿಸ್ತೀನಿ. ಎದಿತುಂಬ ಆ ಪ್ಲಾಸ್ಟಿಕ್ ಹಾಳಿ ಹಚ್ಕೊಂಡು ನಮ್ಮ ಮೇ ತಿಂಗಳಾಗ ತಿರಗಾಡ್ರಿ, ಆಮ್ಯಾಲ ಮಾತಾಡೋಣು.

ಬೀದರಿನವರಿಗಿ ನಾಕನೇ ದಿನ ಶರ್ಟ್ ಕೊಟ್ಟೆ. ಎಲಿ ತುದಿ ಸೂಜಿಯಂಗ ಬಂದಿತ್ತು. ವಾರ ಬಿಟ್ಟು ಫೋನ್: “ಅಣ್ಣಾ, ಎಲ್ಲಾರೂ ಕೇಳ್ಲಾಕತ್ತಾರ, ಇನ್ನಾ 15 ಬೇಕು. ಸ್ಕ್ರೀನ್ ಹೆಂಗೂ ರೆಡಿ ಅದಲ್ಲ, ಸಂಜಿಕಿ ಬರ್ತೀವಿ.”

ಆ ಸ್ಕ್ರೀನಿಗಿ ಅವತ್ತೇ ಮುಂಜಾನೆ ಬ್ಲೀಚಿಂಗ್ ಹಾಕಿ ಕೋಟಿಂಗೆಲ್ಲಾ ತೊಳದು ಗ್ವಾಡಿಗಿ ಆನಿಸಿದ್ದೆ.