ತಾತಗುಣಿಯ ಮನೆಯ ಹದಿನೈದು ಮಳೆಗಾಲ

ಕನಕಪುರ ರಸ್ತೆಯಲ್ಲಿ ಹೋಗುವಾಗಲೆಲ್ಲ ತಾತಗುಣಿ ಹತ್ತಿರವಾಗುತ್ತಿದ್ದಂತೆ ನನ್ನ ಕಣ್ಣು ತಾನಾಗಿಯೇ ಎಸ್ಟೇಟಿನ ಮರಗಳ ಕಡೆ ತಿರುಗುತ್ತದೆ. ಆ ಮರಗಳ ನಡುವೆ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಚ್ ಮತ್ತು ದೇವಿಕಾ ರಾಣಿ ದಂಪತಿ ಬಾಳಿದ ಮನೆ ಇದೆ, ಅವರ ಸಮಾಧಿಯೂ ಇದೆ. ಬಾಂಬೆ ಟಾಕೀಸ್ ಕಟ್ಟಿದವರಲ್ಲಿ ಒಬ್ಬರಾದ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಮೊಟ್ಟಮೊದಲು ಪಾತ್ರರಾದ ಆ ನಟಿ 1945ರಲ್ಲಿ ರೋರಿಚ್ ಅವರನ್ನು ಮದುವೆಯಾಗಿ, ಚಿತ್ರರಂಗದಿಂದ ಪೂರ್ತಿಯಾಗಿ ದೂರ ಸರಿದು, ಕೆಲವು ವರ್ಷಗಳ ನಂತರ ನಮ್ಮ ಊರಿನ ಅಂಚಿನ ಈ ತೋಟಕ್ಕೆ ಬಂದು ನೆಲೆಸಿದರು. ಸುಮಾರು 470 ಎಕರೆಯ ಆ ಜಮೀನಿನಲ್ಲಿ ಅವರು ಬೆಳೆಸಿದ್ದು ಮೆಕ್ಸಿಕೊ ಮೂಲದ ಲಿನಾಲೋ ಮರಗಳನ್ನು. ಅದರ ಕಾಯಿಯ ಸಿಪ್ಪೆಯಿಂದ ಬಟ್ಟಿ ಇಳಿಸಿದ ಎಣ್ಣೆ ಸುಗಂಧದ್ರವ್ಯಗಳ ತಯಾರಿಕೆಗೆ ಹೋಗುತ್ತದೆ.

ರೋರಿಚ್ 1993ರ ಜನವರಿಯಲ್ಲಿ ತೀರಿಕೊಂಡರು, ದೇವಿಕಾ ರಾಣಿ 1994ರ ಮಾರ್ಚ್‌ನಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ಜಮೀನು ತಮ್ಮದೆಂದು ಹೇಳುವವರು ಮುಂದೆ ಬಂದರು. ರಾಜ್ಯ ಸರ್ಕಾರ 1996ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿ ಎಸ್ಟೇಟನ್ನು ಸ್ವಾಧೀನಪಡಿಸಿಕೊಂಡಿತು. ಆ ಕಾಯ್ದೆಯನ್ನು ಪ್ರಶ್ನಿಸಿದ ವ್ಯಾಜ್ಯ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಹೋಗಿ, 2011ರ ಆಗಸ್ಟ್‌ನಲ್ಲಿ ಸರ್ಕಾರದ ಪರವಾಗಿ ಇತ್ಯರ್ಥವಾಯಿತು. ಆಸ್ತಿಯ ಹಕ್ಕನ್ನು ಕುರಿತು ಆ ತೀರ್ಪು ಹೇಳಿದ್ದನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ನಾನು ಯೋಚಿಸುವುದು ಆ ನಡುವೆ ಸುರಿದ ಹದಿನೈದು ಮಳೆಗಾಲಗಳ ಬಗ್ಗೆ. ತಡೆಯಾಜ್ಞೆ ಮನುಷ್ಯರನ್ನು ತಡೆಯುತ್ತದೆ, ಮಳೆಯನ್ನಾಗಲಿ ಗೆದ್ದಲನ್ನಾಗಲಿ ತಡೆಯುವುದಿಲ್ಲ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಅಜ್ಜನ ಮನೆ ಪಾಲಿನ ದಾವೆಗೆ ಸಿಕ್ಕಿ ಒಂಬತ್ತು ವರ್ಷ ಬೀಗ ಹಾಕಿಕೊಂಡು ನಿಂತಿತ್ತು. ಅಜ್ಜ ಇರುವಷ್ಟು ದಿನ ಪ್ರತಿ ವರ್ಷ ಮುಂಗಾರಿಗೆ ಮುನ್ನ ಆಳು ಕರೆಸಿ ಹೆಂಚು ಕೈಯಾಡಿಸುತ್ತಿದ್ದರು. ಒಡೆದದ್ದನ್ನು ತೆಗೆದು ಹೊಸದು ಹಾಕಿಸುವುದಕ್ಕೆ ಎರಡು ದಿನದ ಕೂಲಿ ಸಾಕಾಗುತ್ತಿತ್ತು. ದಾವೆ ಶುರುವಾದ ಮೇಲೆ ಆ ಎರಡು ದಿನದ ಕೂಲಿಯನ್ನು ಯಾರು ಕೊಡಬೇಕೆಂಬುದೇ ತೀರ್ಮಾನವಾಗಲಿಲ್ಲ, ಏಕೆಂದರೆ ಕೊಟ್ಟವರು ನಾಳೆ ಹಕ್ಕು ಸಾಧಿಸುತ್ತಾರೆಂಬ ಭಯ ಉಳಿದವರಿಗೆ. ಮೊದಲು ಒಂದು ಹೆಂಚು ಜಾರಿತು. ಅದರ ಕೆಳಗಿನ ರೀಪು ನೆನೆದು ಲಡ್ಡಾಯಿತು, ಗೆದ್ದಲು ತೊಲೆಗೆ ಹತ್ತಿತು, ತೊಲೆ ಕುಸಿದಾಗ ಮಣ್ಣಿನ ಗೋಡೆಯ ನೆತ್ತಿ ಬಯಲಾಗಿ ಎರಡೇ ಮಳೆಗೆ ಕರಗಿಹೋಯಿತು. ಡಿಕ್ರಿ ಬಂದಾಗ ಹಂಚಿಕೊಳ್ಳಲು ಉಳಿದದ್ದು ನಿವೇಶನ ಮಾತ್ರ. ಅಮ್ಮ ಅಂದು ನಡುಮನೆ ಇದ್ದ ಜಾಗದಲ್ಲಿ ನಿಂತು ಬಹಳ ಹೊತ್ತು ಮಾತನಾಡಲಿಲ್ಲ.

ತಾತಗುಣಿಯ ವಿಷಯದಲ್ಲಿ ನನಗೆ ನೋವಾಗುವುದು ಅದಕ್ಕೇ. ವಾದ ನಡೆದದ್ದೆಲ್ಲ ಜಮೀನಿನ ಮೇಲೆ, ಅದರ ಎಕರೆಗಳ ಮೇಲೆ. ಬೆಂಗಳೂರು ಆ ಕಡೆಗೆ ಬೆಳೆಯುತ್ತಿದ್ದ ಕಾಲದಲ್ಲಿ ಅದರ ಬೆಲೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಮನೆ ಆ ಲೆಕ್ಕದೊಳಗೆ ಬರಲಿಲ್ಲ. ದೀಪ ಹಚ್ಚುವವರಿಲ್ಲದೆ, ಕಿಟಕಿ ತೆರೆದು ಗಾಳಿಯಾಡಿಸುವವರಿಲ್ಲದೆ ಸೊರಗಿತು.

ಇದೇ ಕುಟುಂಬದ ಇನ್ನೊಂದು ಮನೆಯನ್ನು ನೋಡಿ. ಹಿಮಾಚಲದ ಕುಲು ಕಣಿವೆಯ ನಗ್ಗರ್‌ನಲ್ಲಿ ಸ್ವೆತೊಸ್ಲಾವ್ ಅವರ ತಂದೆ ನಿಕೊಲಾಯ್ ರೋರಿಚ್ 1947ರಲ್ಲಿ ತೀರಿಕೊಳ್ಳುವವರೆಗೂ ಬಾಳಿದ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಪ್ರವಾಸಿಗರು ಟಿಕೆಟ್ ಕೊಂಡು ಹೋಗಿ ಅಲ್ಲಿನ ಚಿತ್ರಗಳನ್ನು ನೋಡಿ ಬರುತ್ತಾರೆ. ಅದಕ್ಕೊಂದು ಟ್ರಸ್ಟ್ ಆಗುವಂತೆ ಸ್ವೆತೊಸ್ಲಾವ್ ತಮ್ಮ ಕೊನೆಯ ವರ್ಷಗಳಲ್ಲಿ ನೋಡಿಕೊಂಡಿದ್ದರು. ಹಿಮ ಬೀಳುವ ಬೆಟ್ಟದ ಆ ಮನೆ ಉಳಿಯಿತು, ಕಾರಣ ಅದನ್ನು ನೋಡಿಕೊಳ್ಳುವುದು ಯಾರ ಕೆಲಸವೆಂಬುದರಲ್ಲಿ ಗೊಂದಲವಿರಲಿಲ್ಲ. ರಾಜಧಾನಿಯ ಬಾಗಿಲಲ್ಲೇ ಇದ್ದ ನಮ್ಮ ಮನೆಗೆ ಅಷ್ಟು ಭಾಗ್ಯ ಸಿಗಲಿಲ್ಲ. ಚಿತ್ರಕಲಾ ಪರಿಷತ್ತಿಗೆ ತಮ್ಮ ಕೃತಿಗಳನ್ನು ಕೊಟ್ಟ ಮನುಷ್ಯನ ಋಣವನ್ನು ನಾವು ಹೀಗೆ ತೀರಿಸಬಾರದಿತ್ತು.

ತೀರ್ಪಿನ ನಂತರ ದುರಸ್ತಿಯ ಮಾತು, ವಸ್ತುಸಂಗ್ರಹಾಲಯದ ಮಾತು ಹಲವು ಸಲ ಕೇಳಿಬಂದಿದೆ. ಅವು ಕೈಗೂಡಲಿ ಎಂದು ಮನಸಾರೆ ಬಯಸುತ್ತೇನೆ. ಆದರೆ ದೊಡ್ಡ ಯೋಜನೆ, ದೊಡ್ಡ ಅನುದಾನ ಎಂದು ಕಾಯುವುದರಲ್ಲಿ ಇನ್ನಷ್ಟು ಮಳೆಗಾಲ ಕಳೆಯಬಾರದು. ಇಂಥ ಮನೆಗೆ ಬೇಕಾದುದು ಒಬ್ಬ ಮೇಸ್ತ್ರಿ, ಒಬ್ಬ ಮರಗೆಲಸದವನು, ಪ್ರತಿ ಮೇ ತಿಂಗಳಲ್ಲಿ ಸೂರು ಹತ್ತಿ ನೋಡುವ ಕಡ್ಡಾಯ ಏರ್ಪಾಡು. ಬನ್ನೇರುಘಟ್ಟದ ಆನೆಗಳು ಆ ಕಡೆ ಓಡಾಡುವುದರಿಂದ ಜನಜಂಗುಳಿ ಅಲ್ಲಿಗೆ ಸಲ್ಲದು. ವಾರಕ್ಕೆರಡು ದಿನ, ಮೊದಲೇ ಹೆಸರು ಬರೆಸಿದ ಸಣ್ಣ ತಂಡಗಳಿಗೆ ಬಾಗಿಲು ತೆರೆದರೆ ಸಾಕು.

ಇನ್ನೊಂದನ್ನು ನ್ಯಾಯಾಲಯಗಳ ಮುಂದೆಯೂ ಶಾಸಕರ ಮುಂದೆಯೂ ಕೈಮುಗಿದು ಕೇಳುತ್ತೇನೆ. ಐತಿಹಾಸಿಕ ಮನೆಯೊಂದು ವ್ಯಾಜ್ಯಕ್ಕೆ ಬಿದ್ದ ದಿನವೇ, ಹಕ್ಕು ಯಾರದಾದರೂ ಆಗಲಿ, ಸೂರಿನ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದು, ಖರ್ಚನ್ನು ಗೆದ್ದವರಿಂದ ಆಮೇಲೆ ವಸೂಲು ಮಾಡುವ ನಿಯಮ ಬರಲಿ.